ಫಕ್ಕೀರವ್ವನ ದಮ್ಮು

ನನ್ನ ಹೆಸರು ವಪೆ. ನೀವು ಕೇಳಿರಲಿಕ್ಕಿಲ್ಲ. ಕೇಳಿದ್ದರೂ ಶಾಲೆಯ ವಿಜ್ಞಾನದ ಪಾಠದಲ್ಲಿ ಒಮ್ಮೆ ಕೇಳಿ, ಪರೀಕ್ಷೆ ಮುಗಿದ ದಿನವೇ ಮರೆತಿರುತ್ತೀರಿ. ಎದೆಗೂಡಿಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಬಾಗಿ ಹರಡಿಕೊಂಡಿರುವ ಮಾಂಸದ ಹಾಸು ನಾನು. ನಾನು ಬಿಗಿದು ಕೆಳಗಿಳಿದರೆ ಎದೆಗೂಡು ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಸಡಿಲಾಗಿ ಮೇಲೇರಿದರೆ ಗಾಳಿ ಹೊರಗೆ ಹೋಗುತ್ತದೆ. ಇಷ್ಟೇ ನನ್ನ ಕಸುಬು. ಅಮಾವಾಸ್ಯೆ ಇಲ್ಲ, ಹುಣ್ಣಿಮೆ ಇಲ್ಲ, ರಜೆ ಎಂಬ ಮಾತೇ ಇಲ್ಲ.

ನನ್ನ ಮೇಲಂತಸ್ತಿನಲ್ಲಿ ಹೃದಯ ಕೂತಿದೆ. ಅದು ಒಡೆದರೆ ಪದ್ಯ, ಕರಗಿದರೆ ಪದ್ಯ. ಪಕ್ಕದಲ್ಲೇ ಫುಪ್ಪುಸಗಳು, ಅಂದರೆ ಶ್ವಾಸಕೋಶಗಳು ಇವೆ. ಅವಕ್ಕೂ ಪಟ ಬರೆದು ಗುಲಾಬಿ ಬಣ್ಣ ಬಳಿದಿದ್ದಾರೆ. ಆದರೆ ಫುಪ್ಪುಸ ತಾನಾಗಿ ಒಂದು ಗುಟುಕು ಗಾಳಿಯನ್ನೂ ಎಳೆದುಕೊಳ್ಳಲಾರದು ಎಂದು ಯಾರೂ ಹೇಳುವುದಿಲ್ಲ. ಅದು ಬರೀ ಚೀಲ. ಚೀಲ ತುಂಬಿಸುವುದು ಕೆಳಗಿರುವವರ ದುಡಿಮೆ. ಲೋಕದ ರೀತಿಯೇ ಹಾಗೆ. ಉಬ್ಬುವವರಿಗೆ ಹೆಸರು, ಎಳೆಯುವವರಿಗೆ ಬೆವರು.

ಹಾವೇರಿ ಸೀಮೆಯ ಒಂದು ಮೆಣಸಿನಕಾಯಿ ಪೇಟೆಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಫಕ್ಕೀರವ್ವ ಹುಟ್ಟಿದಳು. ಅವಳ ಜೊತೆಗೇ ನಾನು. ಕೂಸಿನ ಫುಪ್ಪುಸಗಳು ಹಿಂಡಿ ಎಸೆದ ಒದ್ದೆ ಅರಿವೆಯಂತೆ ಮುದ್ದೆಯಾಗಿ ಬಿದ್ದಿದ್ದವು. ಸೂಲಗಿತ್ತಿ ಬೆನ್ನು ತಟ್ಟಿದಳು. ನಾನು ಇದ್ದಬದ್ದ ಬಲವನ್ನೆಲ್ಲ ಹಾಕಿ ಕೆಳಕ್ಕೆ ಜಗ್ಗಿದೆ. ಗಾಳಿ ನುಗ್ಗಿತು, ಮುದ್ದೆ ಬಿಚ್ಚಿಕೊಂಡಿತು, ಕೇರಿ ಎದ್ದು ಕೂರುವಂತೆ ಅಳು ಹೊರಟಿತು. ಹುಡುಗಿಯಾಗಿದ್ದಾಗ ಅವಳು ನನ್ನನ್ನು ಚೆನ್ನಾಗಿಯೇ ದುಡಿಸಿದಳು. ಆಡಿನ ಹಿಂದೆ ಓಡಿದಳು, ಹುಣಸೆ ಮರ ಹತ್ತಿದಳು, ಕೆರೆಯಲ್ಲಿ ಮುಳುಗಿ ಗೆಳತಿಯರ ಕಾಲು ಎಳೆದಳು. ಆಗೆಲ್ಲ ನಾನು ಹೊಟ್ಟೆಯ ತಳದವರೆಗೂ ಇಳಿಯುತ್ತಿದ್ದೆ, ಮೇಲೆದ್ದು ಬರುತ್ತಿದ್ದೆ. ಅದು ದುಡಿಮೆ ಅಂತ ನನಗೆ ಅನ್ನಿಸಲೇ ಇಲ್ಲ.

ತಮ್ಮ ಕತೆ ಹೇಳುವ ಕೊಡೆ, ಕುರ್ಚಿ, ಗಡಿಯಾರಗಳೆಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ನಾನು ಹುಟ್ಟಿದ ಪಕ್ಕೆಲುಬಿನ ಗೂಡು ಬಿಟ್ಟು ಎಲ್ಲಿಗೂ ಹೋದವನಲ್ಲ. ಆದರೂ ನನ್ನ ಒಡೆತನ ಕೈ ಬದಲಾಯಿಸಿತು. ಅದು ಹೇಗಾಯಿತೆಂದು ಹೇಳುತ್ತೇನೆ.

ಕಾಲಿಗೆ ಕಾಲುಂಗುರ ಬೀಳುವ ಮೊದಲೇ ಫಕ್ಕೀರವ್ವ ಅವ್ವನ ಜೊತೆ ಮುರಿಗೆಪ್ಪ ಸಾಹುಕಾರನ ವಖಾರಿಗೆ ಹೋದಳು. ವಖಾರಿ ಎಂದರೆ ತಗಡಿನ ಮಾಡಿನ ಉದ್ದನೆಯ ಗೋದಾಮು. ಒಂದು ಕಡೆ ಮಾತ್ರ ಕಬ್ಬಿಣದ ಶಟರು. ಒಳಗೆ ಆಳೆತ್ತರದ ಕೆಂಪು ರಾಶಿಗಳು. ರಾಶಿಯ ಸುತ್ತ ಹೆಂಗಸರು ಕೂತು ಮೆಣಸಿನಕಾಯಿಯ ತೊಟ್ಟು ಮುರಿದು, ಬಣ್ಣಗೆಟ್ಟದ್ದನ್ನು ಬೇರೆ ಮಾಡಬೇಕು. ಹೆಂಗಸರು ಒಳಗೆ ಬಂದ ಕೂಡಲೇ ಶಟರು ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತಿತ್ತು. ಯಾಕೆಂದರೆ ಗಾಳಿ ಆಡಿದರೆ ಮೆಣಸಿನಕಾಯಿ ಒಣಗುತ್ತದೆ, ಒಣಗಿದರೆ ತೂಕ ಇಳಿಯುತ್ತದೆ. ಒಳಗಿನ ಹಸಿ ಅಷ್ಟೂ ಸಾಹುಕಾರನ ಲಾಭ. ಕಾಯಿಯಲ್ಲಿ ಹಸಿ ಉಳಿಯಲಿ ಅಂತ ಹೆಂಗಸರ ಗಾಳಿ ಬಂದ್.

ಮೊದಲ ದಿನವೇ ಘಾಟು ಮೂಗಿಗೆ ಹೊಡೆದು ಹುಡುಗಿ ಕೆಮ್ಮಿ ಕೆಮ್ಮಿ ಕಣ್ಣೀರಾದಳು. ಅವ್ವ ತನ್ನ ಸೆರಗು ಹರಿದು ಮಗಳ ಮೂಗಿಗೆ ಕಟ್ಟಿದಳು. "ಆಳಕ್ಕ ಎಳೀಬ್ಯಾಡ ಮಗಳ," ಅಂದಳು. "ಮ್ಯಾಲ ಮ್ಯಾಲ ಉಸ್ರಾಡು. ಅರ್ಧಾ ತೊಗೊ, ಅರ್ಧಾ ಬಿಡು. ಹಂಗಾದ್ರ ಬಾಳಿಕಿ ಬರ್ತೀ."

ಇದು ಆ ವಖಾರಿಯ ವಿದ್ಯೆ. ಅಲ್ಲಿನ ಪ್ರತಿಯೊಬ್ಬ ಹೆಂಗಸೂ ತನ್ನ ಮಗಳಿಗೆ ಕೊಟ್ಟ ಬಳುವಳಿ. ಕೊರಳಿನ ನರ ಬಿಗಿದು, ಹೆಗಲು ಎತ್ತಿ, ಎದೆಯ ಮೇಲ್ತುದಿಗೆ ಮಾತ್ರ ಒಂದಿಷ್ಟು ಗಾಳಿ ಎಳೆದುಕೊಂಡು ಕೂಡಲೇ ಬಿಟ್ಟುಬಿಡುವುದು. ನನಗೆ ಇಳಿಯುವ ಅಪ್ಪಣೆ ಇಲ್ಲ. ಫುಪ್ಪುಸದ ತಳದ ಗಾಳಿಗೂಡುಗಳು, ದ್ರಾಕ್ಷಿ ಗೊಂಚಲಿನಂಥವು, ಬಳಕೆಯಿಲ್ಲದ ಕೋಣೆಗಳ ಹಾಗೆ ಮುಚ್ಚಿಕೊಂಡವು. ಅವಳು ಮನೆಗೆ ಬಂದರೂ, ಬಯಲಲ್ಲಿ ನಿಂತರೂ, ಮಲಗಿದರೂ ಅದೇ ರೂಢಿ. ಮದುವೆಯಾಯಿತು, ಎರಡು ಹೆರಿಗೆಯಾದವು. ಹೆರುವ ಹೊತ್ತಿನಲ್ಲಿ ಬಿಟ್ಟರೆ ಅವಳು ಪೂರ್ತಿ ಉಸಿರು ತೆಗೆದುಕೊಂಡದ್ದು ನನಗೆ ನೆನಪಿಲ್ಲ. ನಾನು ಫಕ್ಕೀರವ್ವನ ಹೊಟ್ಟೆಯ ಮೇಲೆ ಇದ್ದೆ, ಆದರೆ ಒಡೆಯ ಮುರಿಗೆಪ್ಪ ಸಾಹುಕಾರನಾಗಿದ್ದ. ಹೊಲ ಕಸಿದದ್ದಕ್ಕೆ, ಕೂಲಿ ಕಸಿದದ್ದಕ್ಕೆ ಸಾಕ್ಷಿ ಸಿಗುತ್ತದೆ. ಅರ್ಧ ಉಸಿರು ಕಸಿದದ್ದಕ್ಕೆ ಯಾವ ಕಟ್ಟೆಯಲ್ಲಿ ಪಂಚಾಯ್ತಿ ಮಾಡುತ್ತೀರಿ?

ಎಷ್ಟು ಜಾಗರೂಕಳಾಗಿದ್ದರೂ ಘಾಟು ಒಳಗೆ ಇಳಿಯಿತು. ಒಂದು ಸುಗ್ಗಿಯ ಆರಂಭದಲ್ಲಿ ಅವಳಿಗೆ ಕೆಮ್ಮು ಹತ್ತಿದ್ದು ನಿಲ್ಲಲೇ ಇಲ್ಲ. ಸರಕಾರಿ ದವಾಖಾನೆಯಲ್ಲಿ ಕಫ ನೋಡಿದರು. ಕ್ಷಯ ಅಲ್ಲ, ಖಾರದ ಧೂಳು ಅಂದರು. ಅವಳು ಬಂದು ಹಾಗೆಯೇ ಹೇಳಿದಳು.

ಸಾಹುಕಾರ ಗಾದಿಯ ಮೇಲಿಂದ ಎದ್ದೇಳಲಿಲ್ಲ. "ದವಾಖಾನಿಯವ್ರು ಹೇಳ್ತಾರ, ಬಂದ ಗಿರಾಕಿ ಕೇಳ್ತಾನೇನು? ರಾಶಿ ಮುಂದ ಕುಂತು ಹಿಂಗ ಕೆಮ್ಮಿದ್ರ ನನ್ನ ಮಾಲು ಯಾರು ಮುಟ್ತಾರ? ನಾಳಿಂದ ನೀ ಬರೂದು ಬ್ಯಾಡ."

"ಸುಗ್ಗ್ಯಾಗ ಬ್ಯಾಡ ಅಂದ್ರ ನಾ ಏನ್ ತಿನ್ಲಿ, ಸಾವ್ಕಾರ್ರ?"

"ಕೆಮ್ಮಿಗೆ ಔಷಧ ತಿನ್ನು," ಅಂದ.

ಅವಳಿಗೆ ಕ್ಷಯವೇ ಎಂಬ ಮಾತು ಊರಲ್ಲಿ ಹರಡಲು ಎಷ್ಟು ಹೊತ್ತು? ಬೇರೆ ಯಾವ ಅಂಗಡಿಯವರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವಳು ಬರುತ್ತಿದ್ದರೆ ನೀರಿನ ನಲ್ಲಿಯ ಬಳಿ ಕೊಡ ಸರಿದವು. ಊರೊಳಗೆ ಜಾತಿಯ ಕಾರಣಕ್ಕೆ ಸರಿಯುತ್ತಿದ್ದ ಕೊಡಗಳು ಈಗ ಕೇರಿಯೊಳಗೇ ಸರಿಯತೊಡಗಿದವು. ಅವಳು ನಸುಕಿನಲ್ಲಿ ಎದ್ದು ಹೊಲಗಳಿಗೆ ಕಳೆ ಕೀಳಲು ಹೋದಳು. ಅರ್ಧ ಕೂಲಿ, ಆದರೆ ಮೇಲೆ ಮಾಡಿಲ್ಲ, ಎದುರಿಗೆ ಶಟರಿಲ್ಲ.

ಅಂಥ ಹೊತ್ತಿನಲ್ಲಿ ಮನೆಗೆ ಬಂದವಳು ಮಾಬುಬಿ. ವಖಾರಿಯಲ್ಲಿ ಫಕ್ಕೀರವ್ವನ ಪಕ್ಕದಲ್ಲೇ ಕೂರುತ್ತಿದ್ದವಳು, ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿ ಇನ್ನೂ ಹಿರಿಯಳು. ಮಾರ್ಚಿ ತಿಂಗಳಲ್ಲಿ ತಾಲ್ಲೂಕಿನ ಮಹಿಳಾ ದಿನಾಚರಣೆಗೆ ಕಬಡ್ಡಿ ಆಡಿಸುತ್ತಾರಂತೆ, ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಟೀಚರು ಇಂದುಮತಿ ಪೇಟೆಯ ಹೆಂಗಸರದೂ ಒಂದು ತಂಡ ಬೇಕು ಅಂತ ಹುಡುಕುತ್ತಿದ್ದಾರಂತೆ ಎಂದು ಸುದ್ದಿ ತಂದಳು.

"ನಿನ್ನ ಹೆಸ್ರು ಕೊಟ್ಟು ಬಂದೀನಿ," ಅಂದಳು.

"ಹುಚ್ಚ ಹಿಡದೈತೇನ ಅಕ್ಕ ನಿನಗ? ನಾಕು ಹೆಜ್ಜಿ ಓಡಿದ್ರ ಕೆಮ್ಮತೀನಿ."

"ಇಲ್ಲೆ ಕುಂತೂ ಕೆಮ್ಮತಿ. ಅಲ್ಲಿ ಬಂದು ನಿಂತು ಕೆಮ್ಮು. ಸಣ್ಣಾಕಿದ್ದಾಗ ಹುತುತು ಆಡಿ ನಮ್ಮ ಓಣಿ ಹುಡುಗೂರ ಚಡ್ಡಿ ಹರದಾಕಿ ನೀನ ಅಲ್ಲೇನು?"

ಹಾಗೆ ಸಂಜೆಯ ಹೊತ್ತು ಹೈಸ್ಕೂಲಿನ ಬಯಲಿಗೆ ಹೋದೆವು. ಕಬಡ್ಡಿಯನ್ನು ಬಲ್ಲವರಿಗೆ ಅದರ ಕಟ್ಟಳೆ ಗೊತ್ತು. ಎದುರಾಳಿಯ ಅಂಕಣಕ್ಕೆ ಒಬ್ಬಳೇ ನುಗ್ಗಬೇಕು, ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತ ಮುಟ್ಟಿ ಬರಬೇಕು. ನಡುವೆ ಉಸಿರು ಎಳೆದರೆ ದಮ್ಮು ಮುರಿಯಿತು, ಆಟದಿಂದ ಹೊರಗೆ. ಲೋಕದ ಬೇರೆ ಆಟಗಳಲ್ಲಿ ನನ್ನ ಹೆಸರೆತ್ತದೆ ಗೆಲ್ಲಬಹುದು. ಈ ಆಟ ನನ್ನದೇ.

ಮೊದಲ ಸಂಜೆ ಫಕ್ಕೀರವ್ವ ಹೆಗಲು ಕಿವಿಯವರೆಗೆ ಎತ್ತಿ ಗಬಕ್ಕನೆ ಗಾಳಿ ನುಂಗಿದಳು, ಗಂಟಲು ಹರಿಯುವಂತೆ ಕೂಗುತ್ತ ಗೆರೆ ದಾಟಿದಳು. ನಾಲ್ಕು ಸಲ 'ಕಬಡ್ಡಿ' ಅನ್ನುವಷ್ಟರಲ್ಲಿ ಚೀಲ ಖಾಲಿ. ಕೆಮ್ಮುತ್ತ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಬಂದ ವಖಾರಿಯ ಹೆಂಗಸರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಇಂದುಮತಿ ಟೀಚರಿಗೆ ಬೆರಗು. ಹೆಂಗಸರು ಮೂಟೆ ಹೊರುವ ಗಟ್ಟಿಗಿತ್ತಿಯರು, ಒಬ್ಬರ ಹೊಟ್ಟೆಯೂ ಉಸಿರಿಗೆ ಅಲುಗುವುದಿಲ್ಲ.

"ನೀವೆಲ್ಲ ಯಾಕ ಹಿಂಗ ಕಳ್ಳರಂಗ ಉಸ್ರಾಡ್ತೀರಿ?" ಅಂದರು.

ವಖಾರಿಯ ಹೊರಗೂ ಹಾಗೆ ಉಸಿರಾಡುತ್ತೇವೆ ಅಂತ ಅವರಿಗೇ ಗೊತ್ತಿರಲಿಲ್ಲ. ಮಾಬುಬಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು, ಆಮೇಲೆ ಫಕ್ಕೀರವ್ವನ ಹೊಟ್ಟೆಯ ಮೇಲೆ. "ವಖಾರ್ಯಾಗಿಂದ್ರಿ ಟೀಚರ," ಅಂದಳು ನಿಧಾನಕ್ಕೆ. "ಘಾಟಿಗೆ ಹೆದರಿ ನಾವು ಅರ್ಧಾನ ಎಳಿತೀವಿ. ಅದು ಹಂಗ ಮನಿಗೂ ಬಂದೈತಿ ನೋಡ್ರಿ."

ಮರುದಿನದಿಂದ ಟೀಚರು ಅವರನ್ನು ಓಡಿಸುವ ಮೊದಲು ಮಲಗಿಸಿದರು. ಬಯಲಿನ ಮಣ್ಣಿನ ಮೇಲೆ ಸಾಲಾಗಿ ಅಂಗಾತ ಮಲಗಿದ ಹೆಂಗಸರು, ಎಲ್ಲರ ಹೊಟ್ಟೆಯ ಮೇಲೂ ಒಂದೊಂದು ಕಲ್ಲು. ಉಸಿರು ಎಳೆದಾಗ ಕಲ್ಲು ಮೇಲೇಳಬೇಕು. ಗೋಡೆಯ ಆಚೆಯಿಂದ ಹುಡುಗರು ನೋಡಿ ನಕ್ಕರು. "ನಗ್ರಿ ನಗ್ರಿ," ಅಂದಳು ಮಾಬುಬಿ ಮಲಗಿದಲ್ಲಿಂದಲೇ. "ನಿಮ್ಮನ್ನೂ ಹಿಂಗ ಹೊಟ್ಟಿ ಮ್ಯಾಲ ಹೊತ್ತಾಕಿ ಒಬ್ಬಾಕಿ ಇದ್ದಾಳ ಮನ್ಯಾಗ."

ಮೊದಮೊದಲು ನನಗೂ ಕಷ್ಟವಾಯಿತು. ವರ್ಷಗಟ್ಟಲೆ ಮಡಚಿಟ್ಟ ಚಾಪೆಯಂತೆ ನಾನು ಬಿರುಸಾಗಿದ್ದೆ. ಒಂದು ಸಂಜೆ ಕಲ್ಲು ಸ್ವಲ್ಪ ಅಲುಗಿತು. ಇನ್ನೊಂದು ಸಂಜೆ ಎದ್ದಿತು. ತಳದ ಗಾಳಿಗೂಡುಗಳು ಒಂದೊಂದಾಗಿ ಬಾಗಿಲು ತೆರೆದವು. ಫಕ್ಕೀರವ್ವ ಬೆಚ್ಚಿ ಎದ್ದು ಕೂತಳು. "ಟೀಚರ, ತಲಿ ತಿರಗಾಕತ್ತೈತ್ರಿ. ಇಷ್ಟು ಗಾಳಿ ಎಲ್ಲಿತ್ತು?"

ಆಮೇಲೆ ಓಟ. ಓಡುವಾಗ ಒಳಗೆ ಏನಾಗುತ್ತದೆ ಅಂತ ಕಂಡವನು ನಾನು. ತೊಡೆಯ ಸ್ನಾಯುಗಳು ಒಲೆಯ ಹಾಗೆ ಉರಿಯುತ್ತವೆ. ಒಲೆಗೆ ಗಾಳಿ ಬೇಕು, ಒಲೆಯ ಹೊಗೆ ಹೊರಗೆ ಹೋಗಬೇಕು. ಆ ಹೊಗೆಗೆ ಪುಸ್ತಕದವರು ಇಂಗಾಲದ ಡೈಆಕ್ಸೈಡ್ ಅನ್ನುತ್ತಾರೆ. ರಕ್ತ ಅದನ್ನು ಹೊತ್ತು ತರುತ್ತದೆ. ಮಿದುಳಿನ ಬುಡದಲ್ಲಿ ಒಬ್ಬ ಮೇಸ್ತ್ರಿ ಕೂತಿದ್ದಾನೆ. ಅವನು ಹೊಗೆಯ ವಾಸನೆ ಹಿಡಿದ ಕೂಡಲೇ ನನಗೆ ಹುಕುಂ ಕಳಿಸುತ್ತಾನೆ: ಇಳಿ, ಇನ್ನೂ ಆಳಕ್ಕೆ ಇಳಿ, ಬೇಗ ಬೇಗ ಇಳಿ. ಸುಮ್ಮನೆ ಕೂತಾಗ ನಾನು ಒಬ್ಬನೇ ಸಾಕು. ಓಟದಲ್ಲಿ ಪಕ್ಕೆಲುಬಿನ ನಡುವಿನ ಸ್ನಾಯುಗಳು ಕೈಗೂಡಿಸುತ್ತವೆ, ಹೊಟ್ಟೆಯ ಸ್ನಾಯುಗಳು ಕೆಳಗಿಂದ ಒತ್ತಿ ಗಾಳಿಯನ್ನು ಹೊರದೂಡುತ್ತವೆ, ಹೃದಯ ಇಮ್ಮಡಿ ಬಡಿದು ರಕ್ತವನ್ನು ಸಾಗಿಸುತ್ತದೆ. ಎಲ್ಲರೂ ಸೇರಿ ಒಂದೇ ಹಗ್ಗ ಎಳೆದಂತೆ. ದಮ್ಮು ಕಟ್ಟಿತು ಅಂದಾಗ ಜನ ಗಾಳಿ ಸಾಲದಾಯಿತು ಅಂದುಕೊಳ್ಳುತ್ತಾರೆ. ಅನೇಕ ಸಲ ಸಂಕಟ ಕೊಡುವುದು ಒಳಗೆ ಬಾರದ ಗಾಳಿಯಲ್ಲ, ಹೊರಗೆ ಹೋಗದೆ ನಿಂತ ಹೊಗೆ.

"ಕೂಗಬ್ಯಾಡ," ಅಂತ ಟೀಚರು ಕಲಿಸಿದರು. "ದೇವರಿಗೆ ಕೇಳೂದು ಬ್ಯಾಡ, ಅಂಪೈರಗ ಕೇಳಿದ್ರ ಸಾಕು. ಸಣ್ಣಗ ಬಿಡು." ಹೊಲದ ಗಾಳಿ, ಬಯಲಿನ ಓಟ. ದಿನ ಕಳೆದಂತೆ ಫಕ್ಕೀರವ್ವನ ಕೆಮ್ಮು ದೂರ ದೂರವಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಆ ಬಯಲಿನಲ್ಲಿ ಅವಳಷ್ಟು ಉದ್ದದ ದಮ್ಮು ಯಾರಿಗೂ ಇರಲಿಲ್ಲ. ವಖಾರಿಗೆ ಹೋಗುತ್ತಲೇ ಇದ್ದ ಉಳಿದವರು ಮಾತ್ರ ಬೇಗ ಸೋಲುತ್ತಿದ್ದರು. ಈ ಅಂತರ ಮಾಬುಬಿಯ ಕಣ್ಣಿಗೆ ಬಿತ್ತು. ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಮಹಿಳಾ ದಿನಾಚರಣೆಯ ಕೊನೆಯ ಪಂದ್ಯಕ್ಕೆ ನಮ್ಮವರು ಬಂದರು. ಎದುರಿಗೆ ಕಾಲೇಜಿನ ಹುಡುಗಿಯರು, ನೀಲಿ ಅಂಗಿ, ಕಾಲಿಗೆ ಬೂಟು. ನಮ್ಮವರದು ಕಚ್ಚೆ ಹಾಕಿದ ಸೀರೆ, ಬರಿಗಾಲು. ಗೆದ್ದವರಿಗೆ ಕೊಡುವ ಢಾಲಿನ ದಾನಿ ಮುರಿಗೆಪ್ಪ ಸಾಹುಕಾರ. ಅವನು ವೇದಿಕೆಯ ಮೇಲೆ ಮೈಕು ಹಿಡಿದು ಕೂತಿದ್ದ. ಫಕ್ಕೀರವ್ವ ಅಂಕಣಕ್ಕೆ ಇಳಿದದ್ದನ್ನು ಕಂಡು, "ಈಕಿ ನಮ್ಮ ಕೆಮ್ಮಿನ ಫಕ್ಕೀರಿ ಅಲ್ಲೇನು? ಆಂಬುಲೆನ್ಸ್ ತಯಾರ ಇಡ್ರಪಾ," ಅಂದ. ಬಯಲು ಬಯಲೇ ನಕ್ಕಿತು. ಅವಳ ಹೆಗಲು ಹಳೆಯ ರೂಢಿಗೆ ಮೇಲೆದ್ದವು. ನನಗೆ ದಿಗಿಲಾಯಿತು. ಗೆದ್ದರೆ ಊರಿನ ಕಣ್ಣೆದುರು ಅವಳ ಮೇಲಿನ ಕಳಂಕ ಹೋಗಬೇಕು. ಕೆಮ್ಮುತ್ತ ಬಿದ್ದರೆ ಅವಳಿಗೆ ಈ ಪೇಟೆಯಲ್ಲಿ ಇನ್ನು ಕೂಲಿಯೂ ಇಲ್ಲ, ನಲ್ಲಿಯ ನೀರೂ ಇಲ್ಲ.

ಕೊನೆಯ ಹೊತ್ತಿಗೆ ನಮ್ಮ ಕಡೆ ಉಳಿದವಳು ಅವಳೊಬ್ಬಳೇ. ಎದುರಿಗೆ ಮೂವರು. ಒಂದು ಅಂಕ ಹಿಂದಿದ್ದೆವು. ಇದೇ ಕೊನೆಯ ದಾಳಿ. ಗೆರೆಯ ಹೊರಗೆ ಕೂತ ಮಾಬುಬಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದಳು, ಅಷ್ಟೇ. ಫಕ್ಕೀರವ್ವನ ಹೆಗಲು ಇಳಿದವು. ನಾನು ಇಳಿದೆ, ತಳದವರೆಗೂ ಇಳಿದೆ.

ಕಬಡ್ಡಿ ಕಬಡ್ಡಿ ಕಬಡ್ಡಿ. ಸಣ್ಣ ದನಿ. ನಾನು ಬಾವಿಗೆ ಕೊಡ ಬಿಡುವ ಹೆಂಗಸಿನ ಹಾಗೆ ಹಗ್ಗವನ್ನು ಇಷ್ಟಿಷ್ಟೇ ಸಡಿಲಿಸಿದೆ. ಬಲಗಡೆಯವಳನ್ನು ಮುಟ್ಟಿದಳು. ತಿರುಗುವಷ್ಟರಲ್ಲಿ ಒಬ್ಬಳು ಕಾಲು ಹಿಡಿದಳು, ಇನ್ನೊಬ್ಬಳು ಸೊಂಟ. ಮೂರನೆಯವಳೂ ಮೈಮೇಲೆ ಬಿದ್ದಳು. ಫಕ್ಕೀರವ್ವ ಬೋರಲು ಬಿದ್ದಳು, ಬಾಯಿಗೆ ಮಣ್ಣು ಹೋಯಿತು. ಕಬಡ್ಡಿ ಕಬಡ್ಡಿ. ಮೂವರನ್ನೂ ಬೆನ್ನ ಮೇಲೆ ಎಳೆದುಕೊಂಡು ಮೊಣಕೈ ಊರಿ ತೆವಳಿದಳು. ಹೊಗೆ ತುಂಬಿತು. ಮೇಸ್ತ್ರಿ ಮೇಲಿಂದ ಕಿರುಚಿದ: ಇಳಿ, ಈಗಲೇ ಇಳಿ. ಜೀವಮಾನದಲ್ಲಿ ಅವನ ಮಾತು ಮೀರಿದವನಲ್ಲ ನಾನು. ಅಂದು ಇಳಿಯಲಿಲ್ಲ. ಹೊಟ್ಟೆಯ ಸ್ನಾಯುಗಳು ಕೆಳಗಿಂದ ಹಿಂಡಿದವು, ಚೀಲದ ಮೂಲೆಮೂಲೆಯ ಗಾಳಿಯನ್ನು ಬಾಚಿ ಮೇಲಕ್ಕೆ ಕಳಿಸಿದೆವು. ಕಬಡ್ಡಿ. ಗೆರೆ ಒಂದು ಗೇಣು ದೂರ. ಕಬಡ್. ಬೆರಳ ತುದಿ ಗೆರೆಯ ಸುಣ್ಣಕ್ಕೆ ತಾಗಿತು. ಡಿ.

ಅಂಪೈರ್ ಮೂರು ಬೆರಳು ಎತ್ತಿದ. ಮೂವರೂ ಔಟ್.

ಆಗ ಅವಳು ಉಸಿರು ಎಳೆದಳು. ಅಂಥ ಉಸಿರನ್ನು ನಾನು ಹಿಂದೆ ಕಂಡಿರಲಿಲ್ಲ. ಬಯಲಿನ ಬಿಸಿಲು, ಮಣ್ಣಿನ ವಾಸನೆ, ಹೆಂಗಸರ ಕೇಕೆ ಎಲ್ಲವೂ ಒಟ್ಟಿಗೆ ಒಳಗೆ ಬಂದವು. ಕೇಕೆ ತಣ್ಣಗಾಯಿತು. ಎಲ್ಲರೂ ಕೆಮ್ಮಿಗೆ ಕಾದರು. ಕೆಮ್ಮು ಬರಲಿಲ್ಲ.

ಮಾಬುಬಿ ಢಾಲು ತೆಗೆದುಕೊಳ್ಳಲು ವೇದಿಕೆ ಹತ್ತಿದಳು. ತೆಗೆದುಕೊಂಡಳು. ಮೈಕನ್ನೂ ತೆಗೆದುಕೊಂಡಳು. "ಸಾವ್ಕಾರ್ರ, ಈಕಿ ನಿಮ್ಮ ವಖಾರಿ ಬಿಟ್ಟು ಬರೇ ಒಂದು ಚಳಿಗಾಲ ಆತು. ಈಕಿ ದಮ್ಮು ನೋಡಿದ್ರಿ. ನಾವು ಇನ್ನೂ ನಿಮ್ಮ ವಖಾರ್ಯಾಗ ಅದೀವಿ. ನಮ್ಮ ದಮ್ಮೂ ನೋಡಿದ್ರಿ. ಕೆಮ್ಮು ಫಕ್ಕೀರಿದಲ್ಲರಿ. ನಿಮ್ಮ ಶಟರಿಂದು."

ಮರುದಿನ ಬೆಳಿಗ್ಗೆ ಹೆಂಗಸರು ವಖಾರಿಯ ಮುಂದೆ ಬಂದರು, ಒಳಗೆ ಹೋಗಲಿಲ್ಲ. ಫಕ್ಕೀರವ್ವನನ್ನು ಮುಂದೆ ಕೂರಿಸಿಕೊಂಡು ಕಟ್ಟೆಯ ಮೇಲೆ ಕೂತರು. ಮಾಲು ತುಂಬಲು ಬಂದ ಲಾರಿಗಳು ರಸ್ತೆಯುದ್ದಕ್ಕೂ ನಿಂತವು. ಶಟರು ಪೂರ್ತಿ ಎತ್ತಬೇಕು, ಹಿಂದಿನ ಗೋಡೆಯಲ್ಲಿ ಕಿಟಕಿ ಒಡೆಯಬೇಕು, ಫಕ್ಕೀರವ್ವ ಕೆಲಸಕ್ಕೆ ಬರಬೇಕು. ಇಷ್ಟೇ ಮಾತು.

"ಗಾಳಿ ಆಡಿದ್ರ ತೂಕ ಹಾರಿ ಹೋಕ್ಕತಿ, ತಿಳಿತೇನು?" ಅಂದ ಸಾಹುಕಾರ. "ನಮ್ಮಪ್ಪನ ಕಾಲದಿಂದ ಹಿಂಗ ನಡದೈತಿ. ಯಾರೂ ಸತ್ತಿಲ್ಲ."

ಫಕ್ಕೀರವ್ವ ಎದ್ದು ನಿಂತಳು. ಅವಳು ಸಾಹುಕಾರನ ಎದುರು ಜೋರಾಗಿ ಮಾತಾಡಿದವಳಲ್ಲ. ಅಂದೂ ಜೋರಾಗಿ ಮಾತಾಡಲಿಲ್ಲ. "ಹಂಗಾದ್ರ ಒಳಗ ಬರ್ರಿ. ಶಟರ ಇಳಿಸೂನು. ನೀವು ಒಂದು ದಮ್ಮಿಗೆ 'ಕಬಡ್ಡಿ' ಅನ್ರಿ. ನಾ ನಿನ್ನೆ ಅಂದದ್ರಾಗ ಅರ್ಧಾ ಅಂದ್ರ ಸಾಕು. ನಾವು ಬಾಯಿ ಮುಚಗೊಂಡು ಕೂಡ್ತೀವಿ."

ಲಾರಿಯವರು ನಕ್ಕರು. ಹಮಾಲರು ನಕ್ಕರು. ಅಷ್ಟು ಜನರ ಮುಂದೆ ಹಿಂದೆ ಸರಿಯಲಾಗದೆ ಸಾಹುಕಾರ ಅಂಗಿಯ ತೋಳು ಮಡಚಿ ಒಳಗೆ ಹೋದ. ಹೆಂಗಸರೂ ಹೋದರು. ಶಟರು ಇಳಿಯಿತು. ಒಬ್ಬ ಹಮಾಲ ರಾಶಿಗೆ ಒಂದು ಬುಟ್ಟಿ ಮೆಣಸಿನಕಾಯಿ ಸುರಿದ, ದಿನವೂ ಸುರಿಯುವಂತೆ. ಕೆಂಪು ಧೂಳು ಎದ್ದಿತು. ಹೆಂಗಸರ ಸೆರಗು ತಾವಾಗಿ ಮೂಗಿಗೆ ಹೋದವು. ಸಾಹುಕಾರನಿಗೆ ಅರ್ಧ ಉಸಿರಿನ ವಿದ್ಯೆ ಯಾರು ಕಲಿಸಿದ್ದರು? ಗಾದಿಯ ಮೇಲೆ ಕೂತು ಪೂರ್ತಿ ಉಸಿರಾಡಿ ಬೆಳೆದವನು. ಎದೆ ತುಂಬ ಎಳೆದ. "ಕಬಡ್ಡಿ, ಕಬ..."

ಅವನ ಪಕ್ಕೆಲುಬಿನ ಕೆಳಗೂ ನನ್ನವನೇ ಒಬ್ಬ ಇದ್ದಾನೆ. ಅವನಿಗೆ ಕುಲ ಗೊತ್ತಿಲ್ಲ, ಗಾದಿ ಗೊತ್ತಿಲ್ಲ, ತೂಕದ ಲೆಕ್ಕ ಗೊತ್ತಿಲ್ಲ. ಘಾಟು ತಾಗಿದ ಕೂಡಲೇ ಅವನು ಮಾಡಬೇಕಾದದ್ದನ್ನೇ ಮಾಡಿದ. ಸಾಹುಕಾರ ಎರಡಾಗಿ ಮಡಚಿಕೊಂಡು ಕೆಮ್ಮಿದ, ಕಣ್ಣು ಮೂಗು ಒಂದಾಗುವಂತೆ ಕೆಮ್ಮಿದ. ಒಬ್ಬ ಹೆಂಗಸೂ ನಗಲಿಲ್ಲ. ಆ ಕೆಮ್ಮು ಅವರಿಗೆ ಗುರುತಿನದು. ಫಕ್ಕೀರವ್ವ ನೀರಿನ ತಂಬಿಗೆ ತಂದು ಚಾಚಿದಳು. ಅವಳ ಕೈಯ ನೀರು ಅವನ ಮನೆಯವರು ಮುಟ್ಟುತ್ತಿರಲಿಲ್ಲ. ಅವನು ಕಸಿದುಕೊಂಡು ಕುಡಿದ. ಆಮೇಲೆ ತಡವರಿಸುತ್ತ ಬಾಗಿಲಿಗೆ ಓಡಿ, ತನ್ನ ಕೈಯಾರೆ ಶಟರನ್ನು ತಲೆಯ ಮೇಲಕ್ಕೆ ಎತ್ತಿದ.

ಅದು ಮತ್ತೆ ಇಳಿಯಲು ನಾವು ಬಿಡಲಿಲ್ಲ. ಹಿಂದಿನ ಗೋಡೆಯಲ್ಲಿ ಕಿಟಕಿ ಒಡೆಸುವಷ್ಟರಲ್ಲಿ ಇನ್ನೆರಡು ಸಲ ಕಟ್ಟೆಯ ಮೇಲೆ ಕೂರಬೇಕಾಯಿತು, ಅದು ಬೇರೆ ಮಾತು. ಫಕ್ಕೀರವ್ವ ತನ್ನ ಜಾಗದಲ್ಲಿ, ಕಿಟಕಿಯ ಕೆಳಗೆ ಕೂತಳು. ಪಕ್ಕದ ವಖಾರಿಗಳ ಹೆಂಗಸರು ಬಂದು ಕಿಟಕಿ ನೋಡಿಕೊಂಡು ಹೋದರು, ಹೋಗಿ ತಮ್ಮ ಸಾಹುಕಾರರ ಕಟ್ಟೆಗಳ ಮೇಲೆ ಕೂತರು. ನನ್ನ ಒಡೆತನ ಮುರಿಗೆಪ್ಪನ ಕೈಬಿಟ್ಟು ಯಾರ ಕೈಗೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ನಮಗೆ ವಯಸ್ಸಾಗಿದೆ. ಧೂಳು ತಿಂದ ವರ್ಷಗಳು ಸುಮ್ಮನೆ ಹೋಗುವುದಿಲ್ಲ. ಚಳಿಗಾಲದಲ್ಲಿ ಫಕ್ಕೀರವ್ವನಿಗೆ ಏದುಸಿರು ಬರುತ್ತದೆ, ದಿಬ್ಬ ಹತ್ತುವಾಗ ಎರಡು ಕಡೆ ನಿಲ್ಲುತ್ತಾಳೆ. ನನ್ನ ಹಾಸೂ ತೆಳುವಾಗಿದೆ. ಹಳೆಯ ಸಾಮಾನಿಗೆ ಅಟ್ಟವಿದೆ, ಗುಜರಿಯಿದೆ. ನನಗೆ ಅಂಥ ಮೂಲೆಯಿಲ್ಲ. ನಾನು ನಿಂತ ದಿನ ಅವಳೂ ಇರುವುದಿಲ್ಲ. ಅಲ್ಲಿಯವರೆಗೆ ನಿವೃತ್ತಿಯ ಮಾತೇ ಇಲ್ಲ.

ಹೋದ ವಾರ ಇನ್ನೊಂದು ಊರಿನ ಹತ್ತಿ ಗಿರಣಿಯ ಹೆಂಗಸರು ಧೂಳಿನ ವಿರುದ್ಧ ಮೆರವಣಿಗೆ ಹೊರಟಿದ್ದರು. ಫಕ್ಕೀರವ್ವನನ್ನು ಕರೆದಿದ್ದರು. ಇವಳು ಕೋಲೂರಿಕೊಂಡು ಮುಂದೆ ನಿಂತಳು. ಘೋಷಣೆ ಯಾರು ಕೂಗುವುದು ಅಂತ ಅವರವರಲ್ಲೇ ನಾಚಿಕೆ. ಇವಳು ಕೋಲನ್ನು ಪಕ್ಕದವಳ ಕೈಗೆ ಕೊಟ್ಟು, "ಮೊದಲು ಎಲ್ಲಾರೂ ಹೊಟ್ಟಿ ತುಂಬ ಉಸ್ರು ಎಳ್ಕೊರಿ," ಅಂದಳು. ನಾನು ಇಳಿದೆ. ಇಳಿಯುವಾಗ ಸುತ್ತಲೂ ಕಿವಿಗೊಟ್ಟೆ. ಬೀದಿಯ ತುಂಬ ನಿಂತ ಹೆಂಗಸರ ಪಕ್ಕೆಲುಬುಗಳ ಕೆಳಗೆ, ಹೆಸರಿಲ್ಲದ ನನ್ನ ಬಳಗವೆಲ್ಲ ಒಟ್ಟಿಗೆ ಇಳಿಯುತ್ತಿತ್ತು. ಬೀದಿ ಒಂದು ಗಳಿಗೆ ಗಪ್‌ಚಿಪ್. ಗಿರಣಿಯ ಗೇಟಿನಲ್ಲಿ ನಿಂತ ಮಾಲಕ ಆ ಮೌನ ಯಾಕೆಂದು ತಿಳಿಯದೆ ಅತ್ತಿತ್ತ ನೋಡಿದ.

ಆಮೇಲೆ ನಾವೆಲ್ಲರೂ ಒಟ್ಟಿಗೆ ಮೇಲೆದ್ದೆವು.